ನೇತ್ರಾಳಿಗೆ ಕೊಟ್ಟ ಪುಸ್ತಕ

ದಪ್ಪ ನಿಘಂಟು ಶೈಲಾಳ ಹುಬ್ಬಿಗೆ ಬಡಿದು ನೆಲಕ್ಕೆ ಬಿತ್ತು. ಅನಿಕೇತ್ ಬಗ್ಗಿ ಮೊದಲು ಪುಸ್ತಕವನ್ನು ಎತ್ತಿಕೊಂಡ. ರಟ್ಟು ಕಿತ್ತಿಲ್ಲವೆಂದು ಖಾತ್ರಿ ಮಾಡಿಕೊಂಡ.

“ಟ್ಯಾಬ್‌ನಾಗೂ ಐತಿ, ಕಪಾಟಿನಾಗೂ ಐತಿ. ಒಂದ ಪುಸ್ತಕ ಎರಡು ಸಲ ತಗೊಂಡೀನಿ. ಮನ್ಯಾಗ ಕುಂತು ಏನು ನೋಡ್ತಿ ನೀನು?”

ಶೈಲಾ ಹುಬ್ಬಿಗೆ ದುಪಟ್ಟಾ ಒತ್ತಿಕೊಂಡಳು. ಕುತ್ತಿಗೆ ಬೆವರಿನಿಂದ ಒದ್ದೆಯಾಗಿತ್ತು.

“ಫ್ಯಾನ್ ಹಾಕಬ್ಯಾಡ್ರಿ. ಥಂಡಿ ಆಗತೈತಿ.”

ಅವನು ಎದ್ದು ಹೋಗಿ ಫ್ಯಾನನ್ನು ಜೋರಾಗಿ ಹಾಕಿದ.

ಗೋರೆಗಾಂವ್‌ನ ಆ ಮನೆಯಿಂದ ಶೈಲಾ ಹೊರಗೆ ಕಾಲಿಟ್ಟು ಬಹಳ ದಿನಗಳಾಗಿದ್ದವು. ಗಂಡ ಆಫೀಸಿಗೆ ಹೋದರೆ ಬಾಗಿಲಿಗೆ ಹೊರಗಿನಿಂದ ಬೀಗ. ಅವಳ ಫೋನು ಅವನ ಬ್ಯಾಗಿನಲ್ಲಿ. ಅದೇ ಊರಿನ ವಿಕ್ರೋಳಿಯಲ್ಲಿದ್ದ ತಂಗಿ ನೇತ್ರಾಳಿಗೆ, ‘ನಿಮ್ಮಕ್ಕ ಸಿಟ್ಟಾಗ್ಯಾಳ, ಮಾತಾಡಂಗಿಲ್ಲಂತ’ ಎಂದು ಅವನೇ ಹೇಳಿಬಿಟ್ಟಿದ್ದ. ಹೀಗೇ ಮುಂದುವರಿದರೆ ಒಂದು ದಿನ ತನ್ನ ಹೆಣ ಇಲ್ಲಿಂದ ಹೊರಬೀಳುತ್ತದೆ ಎಂಬುದು ಶೈಲಾಳಿಗೆ ಗೊತ್ತಿತ್ತು.

ಅನಿಕೇತ್ ಟ್ಯಾಬನ್ನು ಅವಳ ಮುಂದೆ ಹಿಡಿದ. ಪುಸ್ತಕಗಳನ್ನೆಲ್ಲ ಒಂದೆಡೆ ದಾಖಲಿಸಲು ಎರಡು ಆ್ಯಪ್ ಹುಡುಕಿದ್ದ. ಒಂದಕ್ಕೆ ಇಂಟರ್ನೆಟ್ ಬೇಡ; ಎಲ್ಲ ಟ್ಯಾಬ್‌ನೊಳಗೇ. ಇನ್ನೊಂದು ಆನ್‌ಲೈನ್; ಇಲ್ಲಿ ಸೇರಿಸಿದ್ದು ಅವನ ಫೋನಿನಲ್ಲೂ ಕಾಣುತ್ತದೆ. ಒಯ್ದ ಪುಸ್ತಕ ಕೊಡದವರಿಗೆ ಮುಖಪುಟದ ಚಿತ್ರದ ಸಮೇತ ನೆನಪಿನ ಮೆಸೇಜ್ ಕಳಿಸಬಹುದು.

“ಯಾವುದು ಛಲೋ?”

“ಮೊದಲನೇದ ಇರಲಿ. ಆನ್‌ಲೈನ್ ಬ್ಯಾಡ್ರಿ.”

ಅವನು ಅವಳ ಮಣಿಕಟ್ಟು ಹಿಡಿದ. “ಯಾಕ? ಆಫೀಸಿನ್ಯಾಗ ಕುಂತು ನಾ ನೋಡಬಾರದು? ಏನು ಮುಚ್ಚಿಡಾಕಿ?”

“ಹಂಗಲ್ರಿ…”

ತಿರುಚಿದ. ಒಳಗೆಲ್ಲೋ ಲಟಕ್ಕೆಂದಿತು. ಶೈಲಾ ಕೂಗಲಿಲ್ಲ, ಕೂಗಿದರೆ ಇನ್ನೊಂದು ಕೈಗೂ ಅದೇ ಗತಿ. ಅವನು ಆನ್‌ಲೈನ್ ಆ್ಯಪನ್ನೇ ಉಳಿಸಿಕೊಂಡು, ಟ್ಯಾಬ್‌ನಲ್ಲಿ ಬೇರೆ ಯಾವುದೂ ತೆರೆಯದಂತೆ ಪಾಸ್‌ವರ್ಡ್ ಹಾಕಿದ.

ಮರುದಿನ ಅವಳು ಒಂದೇ ಕೈಯಲ್ಲಿ ಕೆಲಸ ಮಾಡಿದಳು. ಹೊಸ ಪುಸ್ತಕಗಳ ಬಾರ್‌ಕೋಡಿಗೆ ಟ್ಯಾಬ್ ಹಿಡಿದರೆ ಮುಖಪುಟ ತಾನಾಗಿ ಬರುತ್ತಿತ್ತು. ಅವನ ಅಪ್ಪ ಧಾರವಾಡದಿಂದ ತಂದಿದ್ದ ಹಳೆಯ ಪುಸ್ತಕಗಳಿಗೆ ಬಾರ್‌ಕೋಡ್ ಇರಲಿಲ್ಲ. ಹೆಸರು ಬರೆದು, ಫೋಟೊ ತೆಗೆದು ಸೇರಿಸಬೇಕು. ಅನಿಕೇತ್ ಆಫೀಸಿನಲ್ಲಿ ಕುಳಿತು ಫೋನಿನಲ್ಲಿ ಹೆಸರುಗಳ ಪಟ್ಟಿಯ ಮೇಲಷ್ಟೇ ಬೆರಳಾಡಿಸುತ್ತಿದ್ದ.

ಸಂಜೆ ಬಂದವನೇ ಕೇಳಿದ: “ನಿನ್ನ ತಂಗಿ ಅಪ್ಪನ ಮನೆಮದ್ದಿನ ಪುಸ್ತಕ ಒಯ್ದಾಳಲ್ಲ, ಅದನ್ನ ಹಾಕಿಯೇನು?”

“ಹಾಕೀನ್ರಿ. ಆದ್ರ ಆಕಿಗೆ ಮೆಸೇಜ್ ಕಳಸಬ್ಯಾಡ್ರಿ. ಕಾಲು ಬೀಳ್ತೀನಿ. ನಾಚಿಕಿ ಆಗತೈತಿ.”

“ನಿಮ್ಮ ಮಂದಿಗೆ ನಾಚಿಕಿ ಬ್ಯಾರೆ ಐತೇನು?” ಅವನು ನಕ್ಕ. ಹೆಸರಿನ ಪಕ್ಕದ ಗುಂಡಿಯನ್ನು ಅವಳೆದುರೇ ಒತ್ತಿದ. ಅಡ್ಡ ಮಾತಾಡಿದ್ದಕ್ಕೆಂದು ಬೆಲ್ಟ್ ಬಿಚ್ಚಿದ.

ಊಟ ಮಾಡಿ ಅವನು ಕೈ ತೊಳೆಯುತ್ತಿದ್ದಾಗ ಬೆಲ್ ಆಯಿತು. ಬಾಗಿಲು ತೆರೆದರೆ ನೇತ್ರಾ. ಹಿಂದೆ ಇಬ್ಬರು ಮಹಿಳಾ ಪೊಲೀಸರು.

“ಪುಸ್ತಕ ವಾಪಸ್ ತಂದೀನ್ರೀ ಮಾಮಾ.”

ಅವಳ ಇನ್ನೊಂದು ಕೈಯಲ್ಲಿ ಫೋನಿತ್ತು. ಅವನು ಕಳಿಸಿದ ಮೆಸೇಜಿನಲ್ಲಿ ಮುಖಪುಟ ಇರಬೇಕಾದಲ್ಲಿ ಶೈಲಾಳ ಒಡೆದ ಹುಬ್ಬು, ಬಾತು ಕಪ್ಪಾದ ಮಣಿಕಟ್ಟು.

“ಪುಸ್ತಕ ನನ್ನ ಹತ್ರ ಇತ್ತು,” ಎಂದಳು ನೇತ್ರಾ. “ಮನ್ಯಾಗ ಇಲ್ಲದ ಪುಸ್ತಕದ್ದು ಅಕ್ಕ ಫೋಟೊ ಹೆಂಗ ತೆಗದಾಳು? ಕಳಸೂ ಮುಂದ ನೋಡಲಿಲ್ಲೇನ್ರಿ?”

ಅನಿಕೇತ್ ಹೆಂಡತಿಯತ್ತ ತಿರುಗಿದ. “ನೀನ ಬ್ಯಾಡಂದಿದ್ದಿಯಲ್ಲ! ಆ್ಯಪ್ ಬ್ಯಾಡಂದಿ, ಮೆಸೇಜ್ ಬ್ಯಾಡಂದಿ…”

ಶೈಲಾ ಚಪ್ಪಲಿ ಮೆಟ್ಟುತ್ತಿದ್ದಳು.

“ಫ್ಯಾನೂ ಬ್ಯಾಡಂದಿದ್ದೆ. ಶೆಕಿ ತಡಕೊಳ್ಳಾಕ ಆಗಿರಲಿಲ್ಲ.”