ಹೊಳೆ ತಿರುವಿನ ಹೆಸರು

“ಹೆಸರಿಲ್ಲದ ಜಾಗ ಯಾರದ್ದೂ ಅಲ್ಲ ಕಣಯ್ಯ,” ಎಂದ ನಕ್ಷೆ ಕಚೇರಿಯ ಗುಮಾಸ್ತ. “ಮಧ್ಯಾಹ್ನದೊಳಗೆ ನಕ್ಷೆಯಲ್ಲಿ ಹೆಸರುಗಳನ್ನ ತುಂಬಿ ಕೊಡು. ಇಲ್ಲಾಂದ್ರೆ ಆ ಹೊಳೆ ತಿರುವಿಗೆ ಸಾಹೇಬರ ಮಾವನ ಹೆಸರು ಬೀಳುತ್ತೆ.”

ಬೋರ್ಡು ಬರೆಯುವವನಿಗೆ ಮೈಯೆಲ್ಲ ಉರಿಯಿತು. ಹೊಳೆಯಾಚೆ ನೆಟ್ಟ ಸರ್ಕಾರಿ ಫಲಕಗಳನ್ನೆಲ್ಲ ಬರೆದವನು ಅವನೇ. ಹೊಟ್ಟೆಪಾಡಿಗಾಗಿ ಹೊಸ ಹೆಸರು ಬರೆದು, ತನ್ನವರು ಜಾಗಗಳಿಗೆ ಇಟ್ಟಿದ್ದ ಹೆಸರುಗಳನ್ನು ತನ್ನ ಕುಂಚದಿಂದಲೇ ಅಳಿಸಿದ್ದ. ಆ ಹಳೆಯ ಹೆಸರುಗಳು ಎಲ್ಲೂ ಬರಹದಲ್ಲಿರಲಿಲ್ಲ. ತಮ್ಮವರ ಭಾಷೆಯಲ್ಲಿ ಅವನ್ನು ಬಲ್ಲವಳೆಂದರೆ ಈಗ ಉಳಿದಿದ್ದು, ಅವನನ್ನು ಸಾಕಿದ ಚಿಕ್ಕಮ್ಮ ಒಬ್ಬಳೇ.

ಕಚೇರಿಯ ಮೊಗಸಾಲೆಯ ಬೆಂಚಿನ ಮೇಲೆ ಅವಳ ಪಕ್ಕ ಕೂತು ನಕ್ಷೆ ಬಿಡಿಸಿದ.

“ಕುಂಟಜ್ಜನ ಬಂಡೆ. ಸೂಲಗಿತ್ತಿಯ ಇಳಿಜಾರು. ಅವಳಿ ಹುಡುಗರ ಬಾವಿ. ಎಲ್ಲದರ ಪಕ್ಕದಲ್ಲೂ ಆ ಹೆಸರಿನವರೇ ‘ಒಡೆಯರು’ ಅಂತ ಬರೆದಿದ್ದೀನಿ. ಯಾರ ಆಸ್ತಿ ಅಂತ ಗೊತ್ತಾಗಲಿ ಇವರಿಗೆ!”

“ಚಡ್ಡಿ ಹಾಕೋ ಆ ಅವಳಿಗಳಿಗೆ ಎಂಥಾ ಆಸ್ತಿಯೋ?” ಚಿಕ್ಕಮ್ಮ ಗೊಣಗಿದಳು.

ಚಿಕ್ಕಂದಿನಲ್ಲೇ ಹೊಳೆಯಾಚೆಯಿಂದ ಬಂದು ಪಟ್ಟಣದ ಬಾಡಿಗೆ ಕೋಣೆಯಲ್ಲಿ ಬೆಳೆದವನ ಕಿವಿಗೆ ಅದು ಬೀಳಲೇ ಇಲ್ಲ. “ಹೊಳೆ ತಿರುವು ಒಂದೇ ಬಾಕಿ. ಹೇಳು.”

“ಅದೊಂದು ಬಿಡು.”

“ಬಿಟ್ರೆ ನಾಳೆ ಅಲ್ಲಿ ಅವರ ಬೇಲಿ ಏಳುತ್ತೆ! ಬಾಯಿಗೆ ಬೀಗ ಹಾಕ್ಕೊಂಡು ಯಾರನ್ನ ಕಾಯ್ತಿದ್ದೀಯ?”

“ನಿನ್ನನ್ನ.”

“ಸಾಕು ನಿನ್ನ ನಾಟಕ!” ಅವನು ಬೆಂಚಿಗೆ ಗುದ್ದಿದ. ಸಾಲಿನಲ್ಲಿದ್ದವರು ತಿರುಗಿ ನೋಡಿದರು. “ಅಕ್ಕತಂಗಿಯರಿಬ್ಬರದ್ದೂ ಒಂದೇ ಬುದ್ಧಿ. ಅವ್ವ ನನ್ನನ್ನ ಬಿಸಾಕಿ ಯಾವನ ಜೊತೆಗೋ ಓಡಿಹೋದಳು. ನೀನು ಈಗ ಕೈ ಕೊಡ್ತಿದ್ದೀಯ.”

ಅವನು ಅವ್ವನನ್ನು ಶಪಿಸಿದಾಗಲೆಲ್ಲ ಹೂಂಗುಟ್ಟುತ್ತಿದ್ದವಳು ಇವತ್ತು ಹೂಂ ಅನ್ನಲಿಲ್ಲ. ಸೆರಗಿನಿಂದ ಬಾಯಿ ಒರೆಸಿಕೊಂಡಳು.

“ಬರಕೋ. ನಿನ್ನ ಅವ್ವನ ಹೆಸರು.”

“ಏನಂದೆ? ಮನೆ ಬಿಟ್ಟು ಓಡಿದವಳಿಗೆ ಅಲ್ಲೆಲ್ಲಿತ್ತು ಜಮೀನು?”

“ಜಮೀನಂತೆ, ಜಮೀನು! ಅಲ್ಲಿ ಯಾರು ಯಾವುದಕ್ಕೆ ಒಡೆಯರಿದ್ರೋ, ಪೆದ್ದೇ?” ಅವಳ ದನಿಯೂ ಏರಿತ್ತು. “ಅವಳು ಎಲ್ಲಿಗೂ ಓಡಿಹೋಗಲಿಲ್ಲ. ಬಟ್ಟೆ ಒಗೆಯೋಕೆ ಹೋದವಳನ್ನ ಆ ತಿರುವಿನಲ್ಲೇ ಹೊಳೆ ಎಳ್ಕೊಂಡಿತು. ಅವಳನ್ನ ಹುಡುಕ್ಕೊಂಡು ನೀನು ದಿನಾ ನೀರಿನ ಕಡೆ ಓಡ್ತಿದ್ದೆ. ಅವಳನ್ನ ಬೈಕೊಂಡಾದ್ರೂ ಈ ಮಗು ದಡದಲ್ಲಿ ಉಳೀಲಿ ಅಂತ ಸುಳ್ಳು ಹೇಳಿದೆ.”

“ಹಾಗಾದ್ರೆ ಈ ಹೆಸರುಗಳೆಲ್ಲ…”

“ನಮ್ಮವರು ಜಾಗಕ್ಕೆ ಇಡೋದು, ಅಲ್ಲಿ ಸತ್ತವರ ಹೆಸರು.”

ಒಳಗಿನಿಂದ ಗುಮಾಸ್ತ ಕೂಗಿದ. ಅವನು ಏಳಲಿಲ್ಲ; ತಿರುವಿಗೆ ಅಕ್ಕನ ಹೆಸರು ಬರೆಸಲು ನಕ್ಷೆ ಎತ್ತಿಕೊಂಡು ಎದ್ದವಳು ಚಿಕ್ಕಮ್ಮ.