ಸಾಧು ಜ್ವರ

ಹಂದಿಜ್ವರ ಎಲ್ಲಿಯವರೆಗೆ ಬಂತೆಂದು ರೇಡಿಯೊದಲ್ಲಿ ಮಳೆಯ ಸುದ್ದಿಯ ಜೊತೆಗೇ ಹೇಳುತ್ತಿದ್ದ ಕಾಲವದು. ಕೊಲ್ಲುವ ವೈರಸ್ಸು ಘಟ್ಟ ಇಳಿದು ಕಾರ್ಕಳ ತಲುಪಿದೆ ಎಂದು ಕೇಳಿದಾಗ ಬೆಳ್ಮಣ್ಣಿನ ಫ್ಲೇವಿಯಾಬಾಯಿ ಹಂದಿಗೂಡಿಗೆ ಓಡಿದಳು. ಹಿಂದೊಮ್ಮೆ ಅದು ಬಂದಾಗ ಅವಳ ಗೂಡಿನಲ್ಲಿ ಒಂದು ಹಂದಿಯೂ ಉಳಿದಿರಲಿಲ್ಲ. ಈಗ ಇದ್ದದ್ದು ಗಬ್ಬದ ಹಂದಿ ರೋಸಿ ಮಾತ್ರ.

ಅದೇ ವೈರಸ್ಸು ಊರೂರು ತಿರುಗುತ್ತಾ, ರೂಪ ಬದಲಿಸುತ್ತಾ, ಎಲ್ಲೋ ಒಂದು ಕಡೆ ಸಾಧುವಾಗಿತ್ತು. ಸಾಧು ಜ್ವರ ಬಂದುಹೋದ ಹಂದಿಯನ್ನು ಕೊಲ್ಲುವ ಜ್ವರ ಮುಟ್ಟುತ್ತಿರಲಿಲ್ಲ. ಆದರೆ ಈ ಸಾಧು ಜ್ವರ ಬೆಳ್ಮಣ್ಣಿಗೆ ಇನ್ನೂ ಬಂದಿರಲಿಲ್ಲ.

ಮಧ್ಯಾಹ್ನ ಗುಡ್ಡದಾಚೆಯ ಐತಪ್ಪ ಬಿಸಿಲಲ್ಲೇ ನಡೆದು ಬಂದ. ಅವನ ಎದೆಗೊರಗಿ, ಗೋಣಿಯಲ್ಲಿ ಸುತ್ತಿದ ಮರಿಯೊಂದು ಸೀನುತ್ತಿತ್ತು.

"ಬಾಯೀ, ಇದಕ್ಕೆ ಸಾಧು ಜ್ವರ ಉಂಟು. ಬೇಗ ನಿಮ್ಮ ರೋಸಿಯ ಹತ್ತಿರ ಬಿಡಿ."

"ಜ್ವರದ ಮರಿಯನ್ನು ಇಷ್ಟು ದೂರ ಹೊತ್ತು ತಂದಿರಾ? ಇದಕ್ಕೇ ಏನಾದರೂ ಆದರೆ?"

"ನನಗೂ ಒಬ್ಬರು ಹೀಗೇ ತಂದುಕೊಟ್ಟದ್ದು ಮಾರಾಯ್ರೆ."

ರೋಸಿ ಮರಿಯನ್ನು ಮೂಸಿ, ಪಕ್ಕದಲ್ಲೇ ಮಲಗಿಸಿಕೊಂಡಿತು. ಸ್ವಲ್ಪ ದಿನದಲ್ಲೇ ರೋಸಿಯ ಕಿವಿಯೂ ಸುಡತೊಡಗಿತು. ಫ್ಲೇವಿಯಾಬಾಯಿ ಒದ್ದೆ ಗೋಣಿ ಹೊದೆಸಿ, ಜಪಮಾಲೆ ಹಿಡಿದು ಕೂತಳು. ಜ್ವರ ಇಳಿಯಿತು. ಆಮೇಲೆ ಕೊಲ್ಲುವ ಜ್ವರವೂ ಊರಿಗೆ ಬಂದು ಹೋಯಿತು. ರೋಸಿ ಗಂಜಿಯಿಂದ ಮೂತಿ ಎತ್ತಲೇ ಇಲ್ಲ.

ಅದು ಮರಿ ಹಾಕಿದ ಸುದ್ದಿ ಕೇಳಿ ಐತಪ್ಪ ನೋಡಲು ಬಂದ. ಫ್ಲೇವಿಯಾಬಾಯಿ ಗೂಡಿನ ಬಾಗಿಲು ತೆರೆದು ಪಕ್ಕಕ್ಕೆ ಸರಿದಳು.

"ಮೊದಲು ನೀವು ಆರಿಸಿ," ಎಂದಳು.