ಬಂಗಡೆಯ ಪಂಚನಾಮೆ

ಕಾರ್ಖಾನೆಯವರು ವಿಷದ ನೀರನ್ನು ಕಡಲಿಗೆ ಬಿಟ್ಟರು. ದಡದ ತುಂಬ ಸತ್ತ ಬಂಗಡೆ.

ಭಾನುವಾರ ತನಿಖೆಗೆ ಬಂದ ಅಧಿಕಾರಿ, ಮೀನು ಮಾರುವ ಬೀರಮ್ಮನ ಜಗಲಿಯಲ್ಲಿ ಕೂತು ತಾವೇ ಬರೆದ ಪಂಚನಾಮೆ ಓದಿದರು: "ಸದರಿ ಮೀನುಗಳು ನೀರಿನಲ್ಲಿ ಮುಳುಗಿ ಸತ್ತಿವೆ. ವಿಷ ಕಂಡುಬಂದಿಲ್ಲ." ಆಮೇಲೆ ಕಾಗದ ಮುಂದೆ ಸರಿಸಿ, "ಇಲ್ಲಿ ಹೆಬ್ಬೆಟ್ಟು ಒತ್ತು" ಎಂದರು.

"ಮೀನು ಮುಳುಗ್ತದಾ ಒಡೆಯಾ?"

"ಈಜು ಮರೆತ್ರೆ ಯಾರಾದ್ರೂ ಮುಳುಗ್ತಾರೆ. ಒತ್ತದಿದ್ರೆ ಮಾರ್ಕೆಟ್ಟಲ್ಲಿ ನಿನ್ನ ಜಾಗ ಹೋಗ್ತದೆ, ನೋಡು."

ಬೀರಮ್ಮ ಒಳಗಿಂದ ಅನ್ನ, ಬಂಗಡೆ ಸಾರು ತಂದಿಟ್ಟಳು. "ದಡದಲ್ಲಿ ಬಿದ್ದದ್ದೇ ಒಡೆಯಾ. ಮುಳುಗಿ ಸತ್ತದ್ದಲ್ದಾ, ವಿಷ ಇಲ್ಲ. ನೀವು ಉಣ್ಣಿ, ನಾ ಒತ್ತತೆ."

ಅಧಿಕಾರಿ ತಟ್ಟೆ ನೋಡಿದರು. ಪೆನ್ನು ತೆಗೆದು, ಪಂಚನಾಮೆಯಲ್ಲಿದ್ದ ಭಾನುವಾರವನ್ನು ಹೊಡೆದುಹಾಕಿ ಶನಿವಾರ ಎಂದು ತಿದ್ದಿದರು.

"ಶನಿವಾರ ನಾನು ಮೀನು ಮುಟ್ಟೋದಿಲ್ಲಮ್ಮ."